ಶಾಸ್ತ್ರದ ಮಡಕೆಗೆ ನನ್ನ ಪಿಕಪ್ಪು

ವಾಹನಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಂದು ತಿಳಿವಳಿಕೆ ಇದೆ. ಇದನ್ನು ಬೇರೆ ಯಾರೂ ಹೇಳದೇ ಇರುವುದರಿಂದ ನಾನೇ ಹೇಳಬೇಕಾಗಿದೆ.

ಗುಬ್ಬಿಯಲ್ಲಿ ನನ್ನದೊಂದು ಬೂಸಾ, ಹಿಂಡಿ ಮಾರುವ ಅಂಗಡಿ. ಅದರ ಮುಂದೆ ಒಂದು ಹಳೆಯ ಪಿಕಪ್ ಗಾಡಿ ನಿಂತಿರುತ್ತದೆ. ಮೂಟೆ ತುಂಬಿಕೊಂಡು ಸಿ.ಎಸ್. ಪುರದ ಕಡೆ ಹೊರಟರೆ ಅದರಷ್ಟು ಸಾಧು ಗಾಡಿ ಇನ್ನೊಂದಿಲ್ಲ. ಮೂಟೆ ಇಳಿಸಿ ಖಾಲಿ ವಾಪಸ್ಸು ಬರುವಾಗ ಮಾತ್ರ ಅದಕ್ಕೆ ದೆವ್ವ ಹಿಡಿಯುತ್ತದೆ. ಸಣ್ಣದೊಂದು ಹಂಪ್ ಸಿಕ್ಕರೂ ಸಾಕು, ಗಾಡಿ ಒಂದು ಸಲ ಎಗರಿದರೆ ಒಳಗಿರುವ ನಾವು ಎರಡು ಸಲ ಎಗರುತ್ತೇವೆ.

"ನಿಮ್ ಗಾಡೀಲಿ ಕೂತ್ರೆ ಬಾಯ್ ಬಿಡಂಗಿಲ್ಲ ಕಣ್ರೀ. ಮಾತಾಡಕ್ ಹೋದ್ರೆ ನಾಲಿಗೆ ಕಚ್ಕೋತೀನಿ" ಎಂದು ನನ್ನ ಹೆಂಡತಿ ಸುಜಾತ ಗೋಳಾಡುತ್ತಿದ್ದಳು. ಗಾಡಿಯ ಈ ಒಂದು ಗುಣವನ್ನು ನಾನು ರಿಪೇರಿ ಮಾಡಿಸುವ ಆತುರದಲ್ಲಿ ಇರಲಿಲ್ಲ. ಆದರೆ ಅವಳು ದಾರಿಯಲ್ಲಿ ಆಡದೆ ಉಳಿಸಿಕೊಂಡ ಮಾತನ್ನೆಲ್ಲ ಮನೆಗೆ ಬಂದ ಮೇಲೆ ಒಟ್ಟಿಗೆ ಆಡುತ್ತಿದ್ದಳು!

ಹೀಗಿರುವಾಗ ಕುಣಿಗಲ್ ಕಡೆಯ ಹಳ್ಳಿಯಿಂದ ನನ್ನ ಅಕ್ಕ ಜಯಕ್ಕ ಫೋನು ಮಾಡಿದಳು. ಅವಳ ಮಗಳು ರಮ್ಯಳ ಮದುವೆ ನಿಶ್ಚಯವಾಗಿತ್ತು. ನಮ್ಮ ಕಡೆ ಮದುವೆಯ ಹಿಂದಿನ ದಿನ ಕುಂಬಾರರ ಮನೆಯಿಂದ ಸುಣ್ಣ, ಕೆಮ್ಮಣ್ಣು ಬಳಿದ ಶಾಸ್ತ್ರದ ಮಡಕೆಗಳನ್ನು ತಂದು ಚಪ್ಪರದಲ್ಲಿ ಇಡಬೇಕು. ಅವು ಬಾರದೆ ಮದುವೆಯ ಕೆಲಸ ಮುಂದೆ ಸಾಗುವುದಿಲ್ಲ. ಆದರೆ ಅಕ್ಕನ ಊರಿನಲ್ಲಿ ಮಡಕೆ ಮಾಡುವವರೇ ಉಳಿದಿಲ್ಲ. ಇದ್ದ ಒಂದು ಮನೆಯವರೂ ಚಕ್ರ ಮೂಲೆಗಿಟ್ಟು ಹಿರೇಹಳ್ಳಿಯ ಫ್ಯಾಕ್ಟರಿಗೆ ಸೇರಿಕೊಂಡಿದ್ದಾರೆ. ಮಡಕೆ ಬೇಕೆಂದರೆ ಈಗ ಪಕ್ಕದೂರಿಗಿಂತಲೂ ಆಚೆ ಹೋಗಬೇಕು.

"ಒಂದು ಬಾಡಿಗೆ ವ್ಯಾನ್ ಮಾಡಣಾಂತಿದೀನಿ ಕಣೋ" ಎಂದಳು ಅಕ್ಕ.

"ಬಾಡಿಗೆ ವ್ಯಾನಾ! ಸೋದರಮಾವ ಅಂತ ನಾನೊಬ್ಬ ಗಟ್ಟಿಯಾಗಿ ಇದೀನಲ್ಲ! ನನ್ ಗಾಡಿ ಯಾಕಿರೋದು?"

"ಅಯ್ಯೋ, ಬ್ಯಾಡ ಕಣಪ್ಪಾ. ಹೋದ್ಸಲ ನಿನ್ ಗಾಡೀಲಿ ತಂದ ಮೊಸರು ಮನೆ ತಲುಪೋ ಹೊತ್ಗೆ ಮಜ್ಜಿಗೆ ಆಗಿತ್ತು. ಬೆಣ್ಣೆ ಬೇರೆ ತೇಲ್ತಿತ್ತು. ಶಾಸ್ತ್ರದ ಮಡಕೆ ಒಂದು ಸೀಳು ಬಿಟ್ರೂ ಮುಗೀತು, ನಾಳೆ ಅವಳ ಸಂಸಾರದಲ್ಲಿ ಏನೇ ಆದ್ರೂ ಜನ ಅದನ್ನೇ ಎತ್ತಾಡ್ತಾರೆ. ನಂಗೆ ಅದೇ ಭಯ."

ಕೊನೆಯ ಮಾತು ಹೇಳುವಾಗ ಅಕ್ಕನ ದನಿ ನಿಜವಾಗಿಯೂ ನಡುಗಿತು. ನನಗೆ ಎದೆ ಉಬ್ಬಿ ಬಂತು. "ಒಂದು ಗೀರೂ ಇಲ್ದಂಗೆ ತರ್ತೀನಿ, ನೋಡ್ತಿರು!" ಎಂದು ಮಾತು ಕೊಟ್ಟೆ. ಫೋನಿಟ್ಟ ಮೇಲೆ ಹಿಂದಿರುಗಿ ನೋಡಿದರೆ ಸುಜಾತ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಆ ಗಾಡೀಲಿ ಮಡಕೇನಾ?"

"ಗಾಡಿ ಕುಕ್ಕುವುದಕ್ಕೆ ಕಾರಣ ಇರುತ್ತದೆ. ಕಾರಣ ಕಂಡುಹಿಡಿದರೆ ಪರಿಹಾರ ತಾನಾಗಿಯೇ ದೊರೆಯುತ್ತದೆ" ಎಂದು ನಾನು ಭಾಷಣದ ಧಾಟಿಯಲ್ಲಿ ಹೇಳಿದೆ. ಅವಳು ಒಳಗೆ ಹೋಗಿ ಒಲೆ ಆರಿಸಿದಳು. ಊಟದ ಹೊತ್ತಾಗಿತ್ತು ಅಷ್ಟೆ, ನನ್ನ ಮಾತಿಗೇನೂ ಅಲ್ಲ.

ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ, ದೋಷವೆಲ್ಲ ಟೈರಿನ ಗಾಳಿಯಲ್ಲಿದೆ ಎಂಬ ತೀರ್ಮಾನಕ್ಕೆ ಬಂದೆ. ಮೂಟೆಯ ಭಾರಕ್ಕೆಂದು ಕಲ್ಲಿನಂತೆ ಗಾಳಿ ತುಂಬಿಸಿದ್ದೆನಲ್ಲ, ಖಾಲಿ ಗಾಡಿ ಎಗರದೆ ಇನ್ನೇನು ಮಾಡುತ್ತದೆ? ಇಷ್ಟರ ಮಟ್ಟಿಗೆ ನನ್ನ ಊಹೆ ಸರಿಯಾಗಿಯೇ ಇತ್ತು. ಸ್ವಲ್ಪ ಗಾಳಿ ಬಿಟ್ಟೆ. ಗಾಡಿ ಸ್ವಲ್ಪ ಸುಧಾರಿಸಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಸ್ವಲ್ಪ ಬಿಟ್ಟರೆ ಇಷ್ಟು ಸುಖವಾದರೆ ಪೂರ್ತಿ ಬಿಟ್ಟರೆ ಎಷ್ಟು ಸುಖವಾಗಬೇಡ ಎಂದು ಇನ್ನೂ ಬಿಟ್ಟೆ. ಸ್ಟೇರಿಂಗು ರಾಗಿ ಬೀಸುವ ಕಲ್ಲಿನ ಹಾಗೆ ಬಿಗಿಯಾಯಿತು. ಬಸ್ ಸ್ಟ್ಯಾಂಡ್ ತಿರುವಿನಲ್ಲಿ ಒಂದು ಕಲ್ಲಿಗೆ ತಾಗಿ ಟೈರು ರಿಮ್ಮಿನಿಂದಲೇ ಕಳಚಿಕೊಂಡಿತು!

ಮುಂದಿನ ಯೋಚನೆ ಇನ್ನೂ ಘನವಾದದ್ದು. ಭಾರ ಇದ್ದಾಗ ಗಾಡಿ ಸಾಧು, ಇಲ್ಲದಾಗ ಕುಣಿತ. ಹಾಗಾದರೆ ಭಾರವನ್ನು ಯಾವಾಗಲೂ ಇಟ್ಟರಾಯಿತು! ಅಂಗಡಿಯ ಬೂಸಾ ಮೂಟೆಗಳನ್ನೇ ಹಿಂದೆ ಜೋಡಿಸಿ, ಅವುಗಳ ಮೇಲೆ ಮಡಕೆಗೆ ಜಾಗ ಎಂದು ಗುರುತು ಮಾಡಿದೆ. ಗಾಡಿ ಮಗುವಿನ ತೊಟ್ಟಿಲಿನಂತೆ ತೂಗುತ್ತಾ ಮನೆಗೆ ಬಂತು. ಸಂತೋಷದಲ್ಲಿ ಹಿಂದಿನ ಡೋರು ಹಾಕುವುದನ್ನೇ ಮರೆತು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಪುಟ್ಟಯ್ಯನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ಗಾಡಿಗೆ ಮುಖ ಹಾಕಿ ನಿಂತಿತ್ತು. ನನ್ನ ಸಸ್ಪೆನ್ಷನ್ನನ್ನು ಎಮ್ಮೆ ಮೇಯ್ದುಬಿಟ್ಟಿತ್ತು!

ಪುಟ್ಟಯ್ಯನಿಗೆ ನಾಚಿಕೆಯೂ ಇಲ್ಲ. "ಬೇಜಾರ್ ಮಾಡ್ಕಬ್ಯಾಡಿ ಬುಡಿ. ಇವತ್ತು ಹಾಲು ಜಾಸ್ತಿ ಕೊಟ್ಟವ್ಳೆ. ಕಾಫಿಗೆ ಕಳಿಸ್ತೀನಿ" ಎಂದ.

"ರೀ, ನಾಳೆನೂ ಗಾಡೀಲಿ ಮೂಟೆ ಇಡಿ" ಎಂದು ಸುಜಾತ ಒಳಗಿನಿಂದಲೇ ಕೂಗಿದಳು. "ಹಾಲು ಗಟ್ಟಿಯಾಗಿರುತ್ತೆ!"

ಇಂಥ ವಾತಾವರಣದಲ್ಲಿ ವಿಜ್ಞಾನ ಬೆಳೆಯುವುದಿಲ್ಲ. ನಾನು ಗಾಡಿ ಹತ್ತಿ ನೇರವಾಗಿ ತುಮಕೂರಿನ ಸತ್ಯಮಂಗಲಕ್ಕೆ ಹೋದೆ. ಅಲ್ಲಿ ನಯಾಜ್ ಎಂಬ ಮೆಕ್ಯಾನಿಕ್ ನನಗೆ ಪರಿಚಯ. ಅವನು ಗಾಡಿಯ ಕೆಳಗೆ ತೂರಿ, ಹೊರಗೆ ಬಂದು, ಶಾಕ್ಸ್ ಹೋಗಿದೆ, ಬುಷ್ ಸವೆದಿದೆ, ಅವೆರಡನ್ನೂ ಬದಲಾಯಿಸಿದರೆ ಸಾಕು ಎಂದ. ಇಷ್ಟು ಸುಲಭದ ಉತ್ತರವನ್ನು ನಾನು ನಂಬುವವನಲ್ಲ.

"ಅದು ಬಿಡಪ್ಪ. ಕಮಾನ್ ಪ್ಲೇಟ್ ತೆಗೆದ್ರೆ ಹೆಂಗೆ?" ಎಂದೆ. ಹಿಂದಿನ ಚಕ್ರಗಳ ಮೇಲೆ ಒಂದರ ಮೇಲೊಂದು ಪೇರಿಸಿರುವ ಆ ಉಕ್ಕಿನ ಪಟ್ಟಿಗಳೇ ಗಾಡಿಯ ಭಾರ ಹೊರುವುದು.

"ತೆಗೆದ್ರೆ ಮೆತ್ತಗಾಗುತ್ತೆ ಸಾರ್. ಆದ್ರೆ ಆಮೇಲೆ ಮೂಟೆ ಹಾಕಂಗಿಲ್ಲ."

"ಮೂಟೆ ಯಾರು ಹಾಕ್ತಾರೆ? ಮಡಕೆ ಹಾಕ್ತೀನಿ. ಖಾಲಿ ಮಡಕೆ. ತೂಕ ಎಷ್ಟಿರುತ್ತೆ ಹೇಳು?"

"ಗಾಡಿ ನಿಮ್ದು ಸಾರ್, ನಿಮ್ಮಿಷ್ಟ" ಎಂದು ನಯಾಜ್ ಸ್ಪ್ಯಾನರ್ ಎತ್ತಿಕೊಂಡ. ಅವನು ಒಂದು ಪ್ಲೇಟ್ ತೆಗೆದ. ಇನ್ನೊಂದು ತೆಗಿ ಎಂದೆ. ತೆಗೆದ. ಅವನಿಗೆ ಬೇಸರವಾಗುವವರೆಗೂ ತೆಗೆಸಿದೆ.

ಆಹಾ, ಆಮೇಲಿನ ಸುಖವನ್ನು ಏನೆಂದು ಹೇಳಲಿ! ತುಮಕೂರಿನಿಂದ ಗುಬ್ಬಿಗೆ ಗಾಡಿ ತೇಲಿಕೊಂಡು ಬಂತು. ಸುಜಾತಳನ್ನು ಕೂರಿಸಿಕೊಂಡು ಊರೊಳಗೆ ಒಂದು ಸುತ್ತು ಹೊಡೆದೆ. ಕೈಯಲ್ಲಿದ್ದ ಲೋಟದ ಕಾಫಿ ಚೆಲ್ಲಲಿಲ್ಲ. ಅವಳು ದಾರಿಯುದ್ದಕ್ಕೂ ನಾಲಿಗೆ ಕಚ್ಚಿಕೊಳ್ಳದೆ ಮಾತಾಡಿದಳು. ಪ್ರತಿಯೊಂದು ಅನುಕೂಲದಲ್ಲೂ ಒಂದು ಅನನುಕೂಲ ಇರುತ್ತದೆಂದು ನಾನು ಸಹಿಸಿಕೊಂಡೆ.

ಮಡಕೆ ತರುವ ದಿನ ಬಂತು. ಗಾಡಿಗೆ ಹುಲ್ಲು ಹಾಸಿ, ಬಾಳೆಕಂದು ಕಟ್ಟಿ, ನಾನೂ ಗರಿಗರಿ ಪಂಚೆ ಉಟ್ಟು ಕುಂಬಾರರ ಮನೆಯ ಮುಂದೆ ನಿಲ್ಲಿಸಿದೆ. ಅಕ್ಕನ ಊರಿನ ಹೆಂಗಸರು, ವಾದ್ಯದವರು ಆಗಲೇ ಆಟೋಗಳಲ್ಲಿ ಬಂದು ಸೇರಿದ್ದರು. ಕುಂಬಾರಗಿತ್ತಿಗೆ ಅಕ್ಕಿ, ಬೆಲ್ಲ, ಎಲೆಅಡಿಕೆ ಕೊಟ್ಟು, ಮಡಕೆಗಳಿಗೆ ಪೂಜೆ ಮಾಡಿ, ಒಂದೊಂದಾಗಿ ಹುಲ್ಲಿನ ಮೇಲೆ ಇಟ್ಟರು. ಗಾಡಿ ಅಲುಗಲಿಲ್ಲ. ನಾನು ಮೀಸೆ ನೀವಿಕೊಂಡೆ.

ಆಮೇಲೆ ಮಡಕೆ ಹಿಡಿದುಕೊಳ್ಳಲು ಒಬ್ಬೊಬ್ಬ ಮುತ್ತೈದೆ ಹತ್ತಿದಳು. ಕಳಸದವಳು ಹತ್ತಿದಳು. ಆರತಿಯವಳು ಹತ್ತಿದಳು. "ಮಡಕೆ ಮುಂದೆ ವಾದ್ಯ ಇಲ್ದೆ ಹೆಂಗೆ?" ಎಂದು ಡೋಲಿನವನೂ ನಾಗಸ್ವರದವನೂ ಹತ್ತಿದರು. ಅಕ್ಕನ ಅತ್ತೆಯ ಮನೆಯ ಕಡೆಯ ಒಬ್ಬ ದೊಡ್ಡಮ್ಮನನ್ನು ನಾಲ್ಕು ಜನ ಸೇರಿ ಹತ್ತಿಸಿದರು. ಗಾಡಿ "ಉಸ್ಸ್" ಎಂದಿತು. ನಾನು ಮಡಕೆಯ ತೂಕ ನೋಡಿದ್ದೆನೇ ಹೊರತು ಶಾಸ್ತ್ರದ ತೂಕ ನೋಡಿರಲಿಲ್ಲ!

"ರೀ, ಹಿಂದೆ ಗಾಡಿ ಕೂತ್ಬಿಟ್ಟಿದೆ" ಎಂದಳು ಸುಜಾತ.

"ಅದು ವಿನಯ" ಎಂದು ಗಾಡಿ ಹೊರಡಿಸಿದೆ.

ಗಾಡಿಯ ಮೂತಿ ಆಕಾಶ ನೋಡುತ್ತಿತ್ತು. ನನಗೆ ರಸ್ತೆ ಬಿಟ್ಟು ತೆಂಗಿನ ಮರದ ತುದಿಗಳೆಲ್ಲ ಚೆನ್ನಾಗಿ ಕಾಣುತ್ತಿದ್ದವು. ಕೆರೆ ಏರಿ ಹತ್ತುವಾಗ ಸುಟ್ಟ ರಬ್ಬರಿನ ವಾಸನೆ ಬಂತು. "ಯಾರೋ ಕರ್ಪೂರ ಹಚ್ಚವ್ರೆ" ಎಂದಳು ಮೇಲಿದ್ದ ದೊಡ್ಡಮ್ಮ. ಕರ್ಪೂರವಲ್ಲ, ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಮರುಕ್ಷಣವೇ ಕೆಳಗೆ ಕಟಕ್ ಎಂದಿತು. ಉಳಿದಿದ್ದ ಪ್ಲೇಟುಗಳಲ್ಲಿ ಒಂದು ಮುರಿದು, ಗಾಡಿ ಒಂದು ಮಗ್ಗುಲಿಗೆ ವಾಲಿ ಏರಿಯ ಮೇಲೆ ನಿಂತುಬಿಟ್ಟಿತು.

"ಮಡಕೆ! ಮಡಕೆ ನೋಡ್ರೇ!" ಎಂದು ಎಲ್ಲರೂ ಕಿರುಚಿದರು. ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಹೆಂಗಸರು ಮಡಕೆಗಳನ್ನು ಕೈಬಿಟ್ಟಿರಲಿಲ್ಲ. ಒಂದಕ್ಕೂ ಏನೂ ಆಗಿರಲಿಲ್ಲ.

ದೊಡ್ಡಮ್ಮ ಕೆಳಗಿಳಿದು ಸೆರಗು ಸಿಕ್ಕಿಸಿದಳು. "ನಮ್ ಕಾಲದಲ್ಲಿ ಯಾವ ಗಾಡಿ ಇತ್ರಪ್ಪಾ? ತಲೆ ಮ್ಯಾಲೆ ಇಟ್ಕಂಡು ನಡೀರೇ!" ಹೆಂಗಸರು ಸಿಂಬೆ ಸುತ್ತಿ ಮಡಕೆ ಹೊತ್ತರು. ಮುಂದೆ ಡೋಲು, ನಾಗಸ್ವರ, ಹಿಂದೆ ಹಾಡು. ಏರಿಯ ಮೇಲೆ ಸಾಲಾಗಿ ಹೊರಟವರನ್ನು ನೋಡಲು ತೋಟಗಳಲ್ಲಿದ್ದವರೆಲ್ಲ ಓಡಿ ಬಂದರು. ನನ್ನ ಗಾಡಿಯನ್ನು ನೋಡಲೂ ಕೆಲವರು ನಿಂತರು.

ಎಳನೀರು ಇಳಿಸಿ ಬರುತ್ತಿದ್ದ ಟ್ರಾಕ್ಟರಿನವನೊಬ್ಬ ಕನಿಕರಪಟ್ಟು ಹಗ್ಗ ಕಟ್ಟಿದ. ಕುಸಿದ ಕಡೆ ಆಕ್ಸಲ್ಲಿಗೂ ಬಾಡಿಗೂ ನಡುವೆ ಒಂದು ಮರದ ತುಂಡನ್ನು ಗುದ್ದಿ ತುರುಕಿ, "ಇನ್ ಕುಸಿಯಾಕಿಲ್ಲ ಬುಡಿ ಯಜಮಾನ್ರೇ" ಎಂದ. ಕುಸಿಯಲಿಲ್ಲ, ನಿಜ. ಇಷ್ಟು ದಿನಗಳ ಸಂಶೋಧನೆಯ ಫಲವಾಗಿ ನನ್ನ ಗಾಡಿಗೆ ಈಗ ಸ್ಪ್ರಿಂಗೇ ಇರಲಿಲ್ಲ!

ಆದರೂ ಸೋದರಮಾವನ ಮರ್ಯಾದೆ ಅಂತ ಒಂದಿದೆಯಲ್ಲ. ಓಡಿ ಹೋಗಿ ಸುಜಾತಳನ್ನು ತಡೆದೆ. "ಒಂದೇ ಒಂದು ಮಡಕೆ ಕೊಡೇ. ಒಂದಾದ್ರೂ ನನ್ ಗಾಡೀಲಿ ಬಂತು ಅನ್ಸ್ಕೋಬೇಕು. ಅಕ್ಕಂಗೆ ಮಾತು ಕೊಟ್ಟಿದೀನಿ." ಬೈಯುತ್ತಾಳೆಂದುಕೊಂಡಿದ್ದೆ. ಅವಳು ಮರುಮಾತಿಲ್ಲದೆ ತನ್ನ ಕಂಕುಳಲ್ಲಿದ್ದ ಮಡಕೆಯನ್ನು ಕೊಟ್ಟುಬಿಟ್ಟಳು! ನನ್ನ ಮೇಲೆ ಅವಳಿಗೆ ಇಷ್ಟು ನಂಬಿಕೆ ಇದೆಯೆಂದು ಮದುವೆಯಾದಂದಿನಿಂದ ನನಗೆ ಗೊತ್ತಿರಲಿಲ್ಲ.

ಮಡಕೆಯನ್ನು ತೊಡೆಯ ಮೇಲಿಟ್ಟು, ಶಲ್ಯ ಸುತ್ತಿ, ಒಂದು ಕೈಯಲ್ಲಿ ತಬ್ಬಿ, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ಹಿಡಿದೆ. ಕೆರೆ ಏರಿ ದಾಟಿತು. ಹಳ್ಳದ ಮೋರಿ ದಾಟಿತು. ಅಕ್ಕನ ಮನೆಯ ಚಪ್ಪರ ಕಂಡಿತು. ಸಂಭ್ರಮದಲ್ಲಿ ಟ್ರಾಕ್ಟರಿನವನು ಒಂದಿಷ್ಟು ಜೋರಾಗಿ ಎಳೆದ. ಚಪ್ಪರದ ಪಕ್ಕದ ಹಂಪಿನ ಮೇಲೆ ಗಾಡಿ ಎಗರಿತು, ನಾನು ಎಗರಿದೆ, ಮಡಕೆ ಸ್ಟೇರಿಂಗಿಗೆ ಬಡಿಯಿತು. ಚೂರುಗಳು ನನ್ನ ಗರಿಗರಿ ಪಂಚೆಯ ತುಂಬ ಹರಡಿದವು.

ಚೂರುಗಳನ್ನೆಲ್ಲ ಶಲ್ಯದಲ್ಲಿ ಗಂಟು ಕಟ್ಟಿ ಸೀಟಿನ ಕೆಳಗೆ ತಳ್ಳಿ, ಕಂಬದ ಮರೆಯಲ್ಲಿ ನಿಂತೆ. ಅಷ್ಟರಲ್ಲಿ ನಡೆದು ಬಂದ ಹೆಂಗಸರೂ ಮುಟ್ಟಿದರು. ಚಪ್ಪರದಲ್ಲಿ ಅಕ್ಕ ಒಂದೊಂದೇ ಮಡಕೆಯನ್ನು ತಿರುಗಿಸಿ ನೋಡಿ, ಬೆರಳಲ್ಲಿ ತಟ್ಟಿ ಇಳಿಸಿಕೊಳ್ಳುತ್ತಿದ್ದಳು. ಪಾಪ, ಅವಳ ಮುಖ ನೋಡಿ ನನಗೆ ಅಳು ಬರುವ ಹಾಗಾಯಿತು. ಅವಳ ಮಗಳ ಮದುವೆಗೆ ನಾನೇ ಕಲ್ಲು ಹಾಕಿದೆನಲ್ಲ!

ಕೊನೆಯ ಮಡಕೆ ಇಳಿಯಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸುಜಾತಳ ಕಡೆ ತಿರುಗಿ, "ಎಲ್ಲಾ ಸರಿಯಾಗಿ ಬಂದ್ವು ಕಣೇ. ಒಂದು ಗೀರೂ ಇಲ್ಲ" ಎಂದಳು.

ನಾನು ಕಣ್ಣು ಕಣ್ಣು ಬಿಟ್ಟೆ. ಸುಜಾತಳನ್ನು ಕಂಬದ ಹಿಂದಕ್ಕೆ ಎಳೆದು ಪಿಸುಗುಟ್ಟಿದೆ. "ಏನೇ ಇದು ಪವಾಡ? ನನ್ ಹತ್ರ ಇದ್ದಿದ್ದು ಒಡೆದೋಯ್ತು ಕಣೇ!"

"ಗೊತ್ತು" ಎಂದಳು ತಣ್ಣಗೆ. "ಕುಂಬಾರಗಿತ್ತಿಗೆ ಮೊದ್ಲೇ ಹೇಳಿ ಒಂದು ಜಾಸ್ತಿ ಮಾಡ್ಸಿದ್ದೆ."

"ಯಾಕೆ?"

"ನೀವು ಒಡಿಯಕ್ಕೆ. ಯಾಕ್ರೀ, ನೀವು ನೋಡ್ಲೇ ಇಲ್ವಾ? ಅದಕ್ಕೆ ಒಂದೇ ಕಡೆ ಬಣ್ಣ ಬಳಿಸಿದ್ದೆ. ಹೆಂಗಿದ್ರೂ ಒಡೆಯೋ ಮಡಕೆ, ಎರಡೂ ಕಡೆ ಬಣ್ಣ ಯಾಕೆ ದಂಡ ಅಂತ!"