ನನ್ನ ಕುರ್ಚಿಗೊಂದು ಹಳೇ ಗಾಡಿ

ಕೆಲವರ ಮನೆಗೆ ಹಾವು ಬರುತ್ತದೆ, ಕೆಲವರ ಮನೆಗೆ ನೆಂಟರು ಬರುತ್ತಾರೆ. ನನ್ನಲ್ಲಿಗೆ ಬರುವುದು ಇಂಥ ಪ್ರಸಂಗಗಳು ಮಾತ್ರ. ಕರೆಯದೆ ಬರುತ್ತವೆ, ಬಂದರೆ ನಗಿಸದೆ ಹೋಗುವುದಿಲ್ಲ. ನಗುವಾಗ ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮುಂಬೈಯ ಒಂದು ಪ್ರವಾಸ ಕಂಪನಿಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದವಳು ನಾನು. ಜನರನ್ನು ಕಟ್ಟಿಕೊಂಡು ದೇಶ ಸುತ್ತಿಸುವ ಕೆಲಸ. ಕೈರೋದಲ್ಲಿ ಒಂಟೆಯಿಂದ ಬಿದ್ದಿಲ್ಲ, ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಜಾರಿಲ್ಲ. ನಿವೃತ್ತಿಯಾಗಿ ಕುಂದಾಪುರಕ್ಕೆ ಬಂದು ಬಾಡಿಗೆ ಮನೆಯ ಬಚ್ಚಲಲ್ಲಿ ಜಾರಿ ಬೆನ್ನುಮೂಳೆ ಮುರಿದುಕೊಂಡೆ. ಅಲ್ಲಿಂದ ಮುಂದೆ ವೀಲ್‌ಚೇರ್. ಬ್ಯಾಟರಿಯದ್ದು, ಭಾರದ್ದು, ಮಡಚಲು ಬಾರದ್ದು.

ಹಾಗಾಗಿ ಹೊರಗೆ ಹೊರಟರೆ ನಾನು ಕಾರಿನಲ್ಲಿ ಮುಂದೆ, ಕುರ್ಚಿ ಗೂಡ್ಸ್ ರಿಕ್ಷಾದಲ್ಲಿ ಹಿಂದೆ. ಎರಡು ಬಾಡಿಗೆ, ಎತ್ತಲು ನಾಲ್ಕು ಜನ. ಹೋಗುವುದೇ ಕಡಿಮೆಯಾಯಿತು. ಫೋನು ಮಾಡಿದರೆ ಎಲ್ಲರೂ "ಒಂದಿನ ಬತ್ತೆ ಮರಾಯ್ತಿ" ಅನ್ನುತ್ತಾರೆ. ಆ ಒಂದಿನ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಅವರು ಬಾರದಿದ್ದರೆ ನಾನೇ ಹೋಗಬೇಕು. ಕುರ್ಚಿಯಲ್ಲಿ ಕೂತ ಹಾಗೇ ಗಾಡಿ ಹತ್ತಿ, ಯಾರನ್ನೂ ಎತ್ತಲು ಕರೆಯದೆ, ಯಾರದಾದರೂ ಮನೆಗೆ ಹೋಗಿ ನಾಲ್ಕು ಮಾತಾಡಿ ಬರಬೇಕು. ಇಷ್ಟೇ ನನ್ನ ಆಸೆ. ಅಂಥ ಹೊಸ ಗಾಡಿಗೆ ಹೇಳಿದ ಬೆಲೆಯಲ್ಲಿ ಇನ್ನೊಮ್ಮೆ ಯುರೋಪು ಸುತ್ತಿ ಬರಬಹುದಿತ್ತು. ಹಾಗಾಗಿ ಹಳೆಯದು ಹುಡುಕಲು ಹೊರಟೆ.

ಕುರ್ಚಿ ಹೋದ ಮದುವೆ

ಗಾಡಿ ಬೇಕೇ ಬೇಕು ಎಂದು ತೀರ್ಮಾನವಾದದ್ದು ಹಟ್ಟಿಯಂಗಡಿ ಕಡೆಯ ಒಂದು ಮದುವೆಯ ದಿನ. ನನ್ನನ್ನು ಕಾರಿಗೆ ಹತ್ತಿಸಲು ನೆರೆಯ ಗಂಡಸರು ಬಂದರು. ಒಬ್ಬರು "ಕಾಲ್ ಹಿಡಿ" ಅಂದರು, ಇನ್ನೊಬ್ಬರು "ತಲೆ ಜಾಗ್ರತಿ" ಅಂದರು. ಮೀನುಗಾರಿಕೆಯ ಮೂರನೆಯವರು, "ಹಾಂಗಲ್ಲ ಮರಾಯ್ರೆ, ದೋಣಿ ಎಳೂದ್ ಹ್ಯಾಂಗೆ, ಹಾಂಗೇ!" ಎಂದು ಐಲೇಸಾ ಹೇಳಿಯೇ ಬಿಟ್ಟರು. ಉಳಿದವರೂ ದನಿಗೂಡಿಸಿದರು. ನನ್ನನ್ನು ದಡಕ್ಕೆ ಎಳೆಯುತ್ತಿದ್ದಾರೋ ನೀರಿಗೆ ತಳ್ಳುತ್ತಿದ್ದಾರೋ ಗೊತ್ತಾಗಲಿಲ್ಲ.

ಹಾಲ್ ತಲುಪಿ ಕಾದರೆ ಕುರ್ಚಿ ಬರಲೇ ಇಲ್ಲ. ಗೂಡ್ಸ್ ರಿಕ್ಷಾದವರಿಗೆ ಫೋನು ಮಾಡಿದೆ.

"ಆಗ್ಳೇ ಇಳ್ಸಿ ಆಯ್ತಲೇ ಅಕ್ಕ. ನೀವ್ ಅದ್ರಗೆ ಕೂಕಂಡ್ ತಿರ್ಗ್‌ತಾ ಇದ್ರಿ ಅಲ್ದಾ?"

"ನಾನಿನ್ನೂ ಕಾರೊಳ್ಗೇ ಇದ್ದೇನೆ."

"ಹಾಂಗಾರೆ ಇದ್ ಯಾರ್?"

ಮುಹೂರ್ತದ ದಿನ, ದಾರಿಯಲ್ಲಿ ಇನ್ನೊಂದು ಮದುವೆಯ ಹಾಲ್. ಕುರ್ಚಿ ಅಲ್ಲಿಳಿದಿತ್ತು. ಅಲ್ಲಿನ ಮದುಮಗನ ಅಜ್ಜ, ಇಂಥ ವ್ಯವಸ್ಥೆ ಮಾಡಿದ ಬೀಗರನ್ನು ಹೊಗಳುತ್ತ ಅದರಲ್ಲಿ ಕೂತು, ಗುಂಡಿ ಒತ್ತುವುದನ್ನು ಕಲಿತು, ಹಾಲ್ ತುಂಬ ಸುತ್ತುತ್ತಿದ್ದರಂತೆ. "ಇಳಿರಿ ಅಂದ್ರೂ ಕೇಣುದಿಲ್ಲೆ ಅಕ್ಕ, ಊಟದ್ ಪಂಕ್ತಿಗೂ ಅದ್ರಗೇ ಹೋಯ್ರ್," ಎಂದರು ರಿಕ್ಷಾದವರು.

ನನ್ನ ಊಟ ಕಾರಿಗೇ ಬಂತು. ತೊಡೆಯ ಮೇಲೆ ಬಾಳೆಲೆ ಹಾಸಿಕೊಂಡು, ಮುಚ್ಚಿದ ಕಿಟಕಿಯ ಆಚೆ ನಡೆಯುತ್ತಿದ್ದ ಮದುವೆ ನೋಡುತ್ತ ಹೋಳಿಗೆ ತಿಂದೆ. ಸಂಜೆ ಕುರ್ಚಿ ಹಿಂದಿರುಗಿದಾಗ ಅದರ ಮೇಲೆ ಅಕ್ಷತೆ ಇತ್ತು, ತಾಂಬೂಲದ ಚೀಲವೂ ಇತ್ತು. ನನಗೆ ಎರಡೂ ಸಿಕ್ಕಿರಲಿಲ್ಲ.

ತಲೆಯ ವಿಚಾರ

ಹುಡುಕಾಟದಲ್ಲಿ ನನಗೆ ಜೊತೆಯಾದವರು ಒಬ್ಬ ಡ್ರೈವರ್. ಬೈಂದೂರು ದಾರಿಯಲ್ಲಿ ಸರ್ವಿಸ್ ಬಸ್ಸು ಓಡಿಸಿ ನಿವೃತ್ತರಾದವರು. ಮನೆಯಲ್ಲಿ ಕೂತರೆ ಕೈಕಾಲು ನಡುಗುತ್ತದೆ ಎಂದು ಬಂದರು. ನನಗೂ ಅದೇ ಕಾಯಿಲೆ, ಆದ್ದರಿಂದ ಹೊಂದಿಕೆಯಾಯಿತು.

ಶಂಕರನಾರಾಯಣದ ಹತ್ತಿರ ಅಡುಗೆ ಕಂತ್ರಾಟಿನವರೊಬ್ಬರ ವ್ಯಾನು ಮಾರಾಟಕ್ಕಿತ್ತು. ಹಿಂದೆ ಗಟ್ಟಿಯಾದ ಕಬ್ಬಿಣದ ಇಳಿಜಾರು ಹಲಗೆ, ನೆಲ ಸಪಾಟು. ನನ್ನ ಕುರ್ಚಿ ತಾಳುತ್ತದಾ ಎಂದು ಕೇಳಿದ್ದೇ ತಪ್ಪಾಯಿತು.

"ಐನೂರ್ ಜನ್ರ ಸಾಂಬಾರ್ ಹತ್ತಿ ಇಳ್ದದ್ ಇದ್ರಗೆ. ನೀವ್ ಎಂತ ಮಹಾ ಅಕ್ಕ?"

ಒಬ್ಬ ಹೆಂಗಸನ್ನು ಕೊಪ್ಪರಿಗೆಯ ಜೊತೆ ಇಟ್ಟು ತೂಗಿದ್ದಕ್ಕೆ ಸಿಟ್ಟು ಬರಬೇಕಿತ್ತು. ಆದರೆ ನಾನು ಹಗುರ ಎಂದದ್ದರಿಂದ ಬರಲಿಲ್ಲ. ಕುರ್ಚಿ ಏರಿಸಿದೆ. ಸಲೀಸಾಗಿ ಏರಿತು. ಬಾಗಿಲ ಬಳಿ ಠಪ್ ಎಂದು ಸದ್ದಾಯಿತು. ನನ್ನ ಹಣೆ.

ಸೂರು ಅಷ್ಟು ತಗ್ಗು. ತಲೆ ಬಗ್ಗಿಸಿ ಒಳಗೆ ಹೋದೆ, ಬಗ್ಗಿಸಿಕೊಂಡೇ ಕೂತೆ. ಪರೀಕ್ಷೆಗೆಂದು ಡ್ರೈವರು ದೇವಸ್ಥಾನದವರೆಗೆ ಓಡಿಸಿ ತಂದರು. ದಾರಿಯಲ್ಲಿ ನೋಡಿದವರಿಗೆಲ್ಲ ನಾನು ಭಕ್ತಿಯಲ್ಲಿ ಮುಳುಗಿದ ಹಾಗೆ ಕಂಡಿರಬೇಕು. ಒಬ್ಬ ಅಜ್ಜಿ ಕೈ ಮುಗಿದರು.

"ಸೂರು ಇಷ್ಟು ತಗ್ಗಾದರೆ ಹೇಗೆ?" ಎಂದು ಕೇಳಿದೆ.

ಅಡುಗೆಯವರು ನನ್ನನ್ನೂ ವ್ಯಾನನ್ನೂ ಬಹಳ ಹೊತ್ತು ನೋಡಿ, "ಕೊಪ್ಪರ್ಗೆಗ್ ತಲೆ ಇಲ್ಲೆ ಅಲ್ದಾ," ಎಂದರು.

ಜೀವ ಇತ್ತ್!

ಬೈಂದೂರಿನ ದಲ್ಲಾಳಿಯೊಬ್ಬರು ತೋರಿಸಿದ್ದು ಹಳೇ ಆ್ಯಂಬುಲೆನ್ಸ್. ಎತ್ತರದ ಸೂರು, ಅಗಲದ ಬಾಗಿಲು, ಇಳಿಜಾರು ಹಲಗೆ, ಕುರ್ಚಿ ಬಿಗಿಯಲು ಕೊಂಡಿ. ಇದಕ್ಕಿಂತ ಒಳ್ಳೆಯದು ಸಿಕ್ಕುವುದಿಲ್ಲ ಎನ್ನಿಸಿತು. ಓಡಿಸಿ ನೋಡುವ ಎಂದು ಕುಂದಾಪುರದ ಕಡೆ ಹೊರಟೆವು.

ಹೆದ್ದಾರಿಯಲ್ಲಿ ನಮಗೆ ಎಲ್ಲರೂ ದಾರಿ ಬಿಟ್ಟರು. ಟಿಪ್ಪರ್ ಬಿಟ್ಟಿತು, ಎಕ್ಸ್‌ಪ್ರೆಸ್ ಬಸ್ಸೂ ಬಿಟ್ಟಿತು. ಡ್ರೈವರ ಕಣ್ಣಲ್ಲಿ ನೀರು. "ಇಷ್ಟ್ ವರ್ಷ ಗಾಡಿ ಬಿಟ್ಟೆ ಅಕ್ಕ, ಎಕ್ಸ್‌ಪ್ರೆಸ್ಸಿನವ ಸೈಡ್ ಕೊಟ್ಟದ್ ಇವತ್ತೇ!"

ಖುಷಿಗೆ ಚಹಾದ ಅಂಗಡಿ ಮುಂದೆ ನಿಲ್ಲಿಸಿದರು. ಡ್ರೈವರು ಒಳಗೆ ಹೋಗಿ, "ಎರಡ್ ಚಾ, ಒಂದ್ ಪ್ಲೇಟ್ ಗೋಳಿಬಜೆ, ಗಾಡಿಗ್ ಕೊಡಿ" ಎಂದದ್ದೇ ಅಂಗಡಿಯವರು ದಂಗಾಗಿ ನಿಂತರು. ನಾಲ್ಕು ಜನ ಬಂದು ಹಿಂದಿನ ಗಾಜಿಗೆ ಮುಖ ಒತ್ತಿದರು. ಒಳಗೆ ನಾನು ಕನ್ನಡಕ ಒರೆಸುತ್ತ ಕೂತಿದ್ದೆ. ಒಬ್ಬರು ತಿರುಗಿ ಇಡೀ ಅಂಗಡಿಗೆ ಕೇಳುವಂತೆ ಕೂಗಿದರು: "ಜೀವ ಇತ್ತ್! ಬಜೆ ತಿಂಬಷ್ಟ್ ಇತ್ತ್!" ನಮ್ಮ ಕಡೆ 'ಇತ್ತ್' ಎಂದರೆ 'ಇದೆ', ಪುಣ್ಯ.

ಅಷ್ಟಾದರೂ ಕೊಳ್ಳುವವಳೇ ಇದ್ದೆ. ಮನಸ್ಸು ಬದಲಾದದ್ದು ನಮ್ಮ ಓಣಿ ತಲುಪಿದ ಮೇಲೆ. ನಾನು ಬಂದಾಗಿನಿಂದ ಒಮ್ಮೆಯೂ ಗೇಟು ದಾಟಿ ಒಳಗೆ ಬಾರದ ಪಕ್ಕದ ಮನೆಯಾಕೆ ಸೆರಗಿನಲ್ಲಿ ಕಣ್ಣೊರೆಸುತ್ತ ಓಡಿ ಬಂದರು. "ಅಯ್ಯೋ, ಎಂಥ ಒಳ್ಳೆ ಜನ ಆಗಿತ್ತ್ ಹೆಣ್ಣೆ!" ಎಂದು ಬಾಗಿಲ ಬಳಿ ಅಳುತ್ತಿದ್ದಾಗ ಹಲಗೆ ಇಳಿಯಿತು, ನಾನೂ ಇಳಿದೆ.

"ಬನ್ನಿ, ಒಳಗೆ ಕೂತು ಮಾತಾಡುವ," ಎಂದೆ, ಬಹಳ ಆಸೆಯಿಂದಲೇ.

ಆಕೆ ಕಣ್ಣೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಂತದೂ ಆಯ್ಲಿಲ್ಯಲ್ಲ? ಹಾಂಗಾರೆ ಬತ್ತೆ. ಒಲೆ ಮೇಲ್ ಹಾಲಿತ್ತ್."

ಮಾರಾಟಕ್ಕಿದೆ

ಕೆರಾಡಿಯಲ್ಲಿ ನಿಜವಾಗಿ ವೀಲ್‌ಚೇರಿಗೆಂದೇ ಮಾಡಿಸಿದ ಗಾಡಿಯಿದೆ ಎಂದು ಸುದ್ದಿ ಬಂತು. ತೀರಿಹೋದ ಗಂಡನಿಗಾಗಿ ಮಾಡಿಸಿದ್ದಂತೆ, ಹೆಂಡತಿ ಮಾರುತ್ತಾರಂತೆ. ಕಾಡಿನಂಚಿನ ಮನೆ. ನೋಡಿದರೆ ಜಗಲಿಗೆ ಮೆಟ್ಟಿಲ ಬದಲು ಇಳಿಜಾರು! ಈ ಸೀಮೆಯಲ್ಲಿ ನಾನು ಯಾರೂ ಎತ್ತದೆ ಒಳಗೆ ಹೋದ ಮೊದಲ ಮನೆ ಅದು. ಹೊಸಿಲು ದಾಟಿದಾಗ ಒಂದು ಗಳಿಗೆ ಬಂದ ಕೆಲಸವೇ ಮರೆಯಿತು.

ಆಕೆ ನನ್ನ ಪ್ರಾಯದವರು. ಕಾಫಿ ಕೊಟ್ಟರು, ಕೈರೋ ಬಗ್ಗೆ ಕೇಳಿದರು. ಗಾಡಿ ನೋಡಿದೆ, ನನಗೆ ಹೇಳಿ ಹೊಲಿಸಿದ ಹಾಗಿತ್ತು. ಬೆಲೆಯೂ ಒಪ್ಪಿಗೆಯಾಯಿತು. ಆಗ ಆಕೆ, "ಕೀ ಎಲ್ಲಿಟ್ಟಿದ್ನೋ ನೆನಪಿಲ್ಲ, ಇನ್ನೊಂದಿನ ಬನ್ನಿ" ಎಂದರು.

ಇನ್ನೊಂದಿನ ಹೋದೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು, ಚಟ್ನಿ, ಸ್ವಿಟ್ಜರ್ಲೆಂಡಿನ ಬಗ್ಗೆ ಮಾತು. ಈ ಸಲ ದಿನ ಸರಿಯಿಲ್ಲ ಎಂದಾಯಿತು. ಮೂರನೇ ಸಲ ಬೆಲೆಯನ್ನೇ ಏರಿಸಿದರು. ಕಾರಿಗೂ ಗೂಡ್ಸ್ ರಿಕ್ಷಾಕ್ಕೂ ಕೊಟ್ಟು ಕೊಟ್ಟು ಗಾಡಿಯ ಹಣವೇ ಕರಗುತ್ತಿತ್ತು. ಬ್ರಹ್ಮಾವರದಿಂದ ಬಂದು ನೋಡಿ ಹೋದ ಇನ್ನೊಬ್ಬರಿಗೂ ಹೀಗೇ ಆಗಿತ್ತೆಂದು ಡ್ರೈವರು ಪತ್ತೆ ಮಾಡಿದರು.

ನೇರವಾಗಿಯೇ ಕೇಳಿದೆ: "ಅಕ್ಕ, ನಿಮಗೆ ಗಾಡಿ ಮಾರಲಿಕ್ಕುಂಟಾ, ಇಲ್ಲವಾ?"

ಆಕೆ ಸಂಕೋಚವಿಲ್ಲದೆ ಹೇಳಿದರು. "ಗಾಡಿ ಇತ್ತ್ ಅಂದೇಳಿ ನೀವೆಲ್ಲ ಬತ್ರಿ. ಕೊಟ್ಬಿಟ್ರೆ ನಾಳಿಂದ ಎಂತ ನೋಡುಕ್ ಬತ್ರಿ, ನನ್ನ ಮುಖ್ವಾ?"

ಹೊರಡುವಾಗ ಆಕೆ ಜಗಲಿಯಿಂದ ಕೂಗಿದರು: "ಹ್ವಾಯ್, ಬೆಲೆ ಜಾಸ್ತಿ ಆಯ್ತಂದ್ರೆ ಚರ್ಚೆ ಮಾಡುಕೆ ಬನ್ನಿ ಆಯ್ತಾ!"

ಪೋಂ ಪೋಂ

ಕೊನೆಗೆ ಕೊಂಡದ್ದು ಮೀನಿನ ಗಾಡಿ. ಬೈಂದೂರಿನ ಒಬ್ಬಾಕೆ ಮನೆಮನೆಗೆ ಮೀನು ಮಾರುತ್ತಿದ್ದ ಮುಚ್ಚಿದ ಟೆಂಪೊ. ದೊಡ್ಡದು ಕೊಂಡದ್ದರಿಂದ ಇದನ್ನು ಕೊಡುತ್ತಿದ್ದರು. ನೆಲ ತಗ್ಗು, ಸೂರು ಎತ್ತರ, ಐಸಿನ ಪೆಟ್ಟಿಗೆ ಜಾರಿಸುವ ಹಲಗೆ.

"ವಾಸ್ನೆ ಇತ್ತ್, ಸುಳ್ ಎಂತಕ್ ಹೇಳೂದ್," ಎಂದರು ಆಕೆ. "ಆದ್ರೆ ದಾರಿ ಮೇಲ್ ಒಂದಿನ ನಿಂತದ್ದಿಲ್ಲೆ. ನಿಂತ್ರೆ ಮೀನ್ ಹಾಳಾತ್ತಲೇ!"

ಕಾಗದಪತ್ರ ಬದಲಿಸಿ, ಕಿಟಕಿ ಕೊರೆಸಿ, ಕೊಂಡಿ ಹಾಕಿಸಿದೆ. ಹುಣಸೆಹುಳಿ, ನಿಂಬೆ, ಫಿನಾಯಿಲು ಎಲ್ಲ ಹಾಕಿ ತೊಳೆಸಿದೆ. ಈಗ ಅದು ನಿಂಬೆಹುಳಿ ಹಿಂಡಿದ ಮೀನಿನಂತೆ ನಾರುತ್ತಿತ್ತು.

ಮೊದಲ ಪ್ರಯಾಣ ಸಾಲಿಗ್ರಾಮದ ಅತ್ತಿಗೆಯ ಮನೆಗೆ, ಹೇಳದೆ ಕೇಳದೆ. ದೊಡ್ಡಪ್ಪನ ಮಗನ ಹೆಂಡತಿ ಆಕೆ. ನಮ್ಮದು ದೇವಸ್ಥಾನದ ಚಾಕರಿಯ, ಮೀನು ಮುಟ್ಟದ ಮನೆತನ, ಕೇರಿಯೂ ಅಂಥದ್ದೇ. ದೇಶ ಸುತ್ತುವಾಗ ನಾನು ಏನೇನು ಮುಟ್ಟಿದೆ ಎಂದು ಅವರು ಕೇಳಿಲ್ಲ, ನಾನು ಹೇಳಿಲ್ಲ.

ಕೇರಿಯ ತಿರುವು ಬಂತು. ಬಸ್ಸಿನವರಿಗೆ ತಿರುವಿನಲ್ಲಿ ಹಾರನ್ ಹಾಕದಿದ್ದರೆ ಉಸಿರುಗಟ್ಟುತ್ತದೆ. ಎಲ್ಲ ಬದಲಿಸಿದ ನಾವು ಹಾರನ್ ಬದಲಿಸಿರಲಿಲ್ಲ. ಡ್ರೈವರು ಜೋರಾಗಿ ಒತ್ತಿದರು. ಪೋಂ ಪೋಂ! ಕರಾವಳಿಯ ಸಣ್ಣ ಮಕ್ಕಳಿಗೂ ಗೊತ್ತು, ಅದು ಮೀನು ಬಂದ ಸದ್ದು.

ಕೇರಿಯ ಬಾಗಿಲುಗಳು ಪಟಪಟನೆ ಮುಚ್ಚಿದವು. ಬೆಕ್ಕುಗಳು ಮಾತ್ರ ಬಂದವು. ಅತ್ತಿಗೆ ಅಂಗಳಕ್ಕೆ ನುಗ್ಗಿ ಬಂದು, "ಹ್ವಾಯ್! ಎಂತ ಅಧಿಕಪ್ರಸಂಗ ಇದ್? ಇಲ್ ಯಾರೂ ತಕಂಬುದಿಲ್ಲೆ, ಮುಂದ್ ಹೋಯ್ನಿ!" ಎಂದು ಗದರಿದರು.

"ಅತ್ಗೆ, ನಾನು," ಎಂದೆ ಕಿಟಕಿಯಿಂದ.

"ನೀನಾ? ಮೀನ್ ಮಾರುಕ್ ಶುರು ಮಾಡ್ದ್ಯಾ ಮರಾಯ್ತಿ!"

ಹಲಗೆ ಇಳಿಸಿದೆವು. ಇಳಿದೆ, ಯಾರೂ ಎತ್ತದೆ. ಎದುರಿಗೆ ಅತ್ತಿಗೆಯ ಮನೆಯ ಎತ್ತರದ ಮೆಟ್ಟಿಲುಗಳು. ಗಾಡಿಯೊಂದಿದ್ದರೆ ಎಲ್ಲ ಮನೆಗೂ ಹೋಗಬಹುದು ಎಂದುಕೊಂಡಿದ್ದವಳು ಮೆಟ್ಟಿಲನ್ನು ಮರೆತೇಬಿಟ್ಟಿದ್ದೆ. ಅಂಗಳದಲ್ಲಿ ಸುಡುಬಿಸಿಲು. ನಾನು ಮೆಟ್ಟಿಲನ್ನು ನೋಡಿದೆ, ಅತ್ತಿಗೆ ನನ್ನನ್ನು ನೋಡಿದರು.

"ಹೋಗ್ತೇನೆ ಅತ್ಗೆ. ನೋಡಿದ ಹಾಗಾಯ್ತಲ್ಲ," ಎಂದು ಕುರ್ಚಿ ತಿರುಗಿಸಿ ಹಲಗೆ ಏರಿದೆ.

ಹಿಂದಿನಿಂದ ಹೆಜ್ಜೆಯ ಸದ್ದು. ಅತ್ತಿಗೆ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಹಲಗೆ ಹತ್ತುತ್ತಿದ್ದರು! ಒಳಗೆ ಬಂದು ಚಕ್ರದ ಉಬ್ಬಿನ ಮೇಲೆ ಕೂತರು. "ಗಾಡಿ ಮುಟ್ಟಿ ಆಯ್ತ್, ಹ್ಯಾಂಗಾರೂ ಸ್ನಾನ ಮಾಡ್ಕ್. ಒಂದ್ಗಳ್ಗೆ ಕೂಕಂಡೇ ಹೋಯ್ ಮೀತೆ. ಹೇಳ್, ಎಂತ ಸುದ್ದಿ?"

ಮಾತು ಶುರುವಾಯಿತು. ಮೂಗಿನ ಮೇಲಿದ್ದ ಕೈ ಯಾವಾಗ ಇಳಿಯಿತೋ ಗೊತ್ತಿಲ್ಲ. ಅತ್ತಿಗೆ ಮೀನಿನ ಗಾಡಿಯಲ್ಲಿ ನಗುತ್ತಿರುವುದು ಕೇಳಿ ಎದುರು ಮನೆಯಾಕೆ ವಿಚಾರಿಸಲು ಬಂದು ಕೂತರು, ಅವರನ್ನು ಕರೆಯಲು ಬಂದ ಸೊಸೆಯೂ ಕೂತಳು. ಕಾಫಿ ಬಂತು. ಒಬ್ಬೊಬ್ಬರೂ ಹತ್ತುವಾಗ "ರಾಮ ರಾಮ" ಅನ್ನುವುದು, ಹತ್ತಿದ ಮೇಲೆ ಇಳಿಯದಿರುವುದು. ಮಧ್ಯಾಹ್ನ ಅನ್ನಕ್ಕಿಡಬೇಕೆಂದು ಎಲ್ಲರೂ ಎದ್ದಾಗ ನನಗೆ ಗಂಟಲು ಒಣಗಿತ್ತು. ಅಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ.

ಹಲಗೆ ಮಡಚುವ ಹೊತ್ತಿಗೆ ಕೊನೆಯ ಮನೆಯ ಹಿರಿಯರು ಬಂದರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿ, ಈಗ ಒಬ್ಬರೇ ಇರುವವರು. ಮೈಮೇಲೆ ಶಾಲು, ಹಣೆಯಲ್ಲಿ ಗಂಧ. ಅತ್ತ ನೋಡಿದರು, ಇತ್ತ ನೋಡಿದರು. ಬಾಗಿಲಿಗೆ ತಲೆ ತೂರಿಸಿ, ಕೇರಿಗೆ ತಿಳಿಯದಿರಲೆಂದು ಮರಾಠಿಯಲ್ಲಿ ಪಿಸುಗುಟ್ಟಿದರು: "ಬಾಂಗ್ಡಾ ಆಹೇ ಕಾ?"

ಬಂಗಡೆ ಇದೆಯಾ ಎಂದು! ಮುಂಬೈಯವಳಾದ ನಾನು, "ನಾಹೀ," ಎಂದೆ.

ಅವರ ಮುಖ ಬಾಡಿತು. ಕನ್ನಡಕ್ಕೇ ಬಂದರು. "ಮತ್ ಎಂತಕ್ ಬಂದದ್ ಗಾಡಿ?"

"ಸುಮ್ನೆ. ಮಾತಾಡಿಕೊಂಡು ಹೋಗುವ ಅಂತ."

ಹಿರಿಯರು ಶಾಲು ಸರಿಮಾಡಿಕೊಂಡರು.

"ಅದೂ ಈ ಕೇರಿಯಗೆ ಸಿಕ್ಕುದಿಲ್ಲೆ," ಎಂದರು. "ಮಂಗಳವಾರ ಬಪ್ಪತಿಗೆ ಎರಡೂ ತನ್ನಿ."