ಗೇಮ್ ಚಿಪ್ ಜಿದ್ದು, ಬೆಳಗಿನ ತಿಂಡಿ ಬೆಟ್

ಈ ಕಥೆಯ ಮುಖ್ಯ ಭಾಗ ನನಗೆ ಮೊದಲು ಹೇಳಿದವರು ನನ್ನ ಸಹೋದ್ಯೋಗಿಯ ಅತ್ತೆ, ಜೋಗುಪಾಳ್ಯದ ತರಕಾರಿ ಅಂಗಡಿಯಲ್ಲಿ ಬೀನ್ಸ್ ಮುರಿದು ನೋಡುತ್ತಾ. ಉಳಿದದ್ದು ನಾನೇ ಕಂಡದ್ದು. ಗುಟ್ಟು ಕಾಯುವುದೂ ಕೆಲಸದ ಭಾಗವಾಗಿರುವ ಕಡೆ ಇಂಥವು ಆಗುತ್ತಲೇ ಇರುತ್ತವೆ.

ನಮ್ಮ ಆಫೀಸು ಇಂದಿರಾನಗರದ ಒಂದು ಹಳೇ ಬಂಗಲೆಯಲ್ಲಿದೆ. ಟಿವಿಗೆ ಸಿಕ್ಕಿಸಿ ಆಡುತ್ತಾರಲ್ಲ, ಆ ಗೇಮ್ ಕನ್ಸೋಲಿನೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಮಾಡುತ್ತೇವೆ. ವಿದೇಶದ ಕಂಪನಿಯೊಂದು ತನ್ನ ಹೊಸ ಕನ್ಸೋಲಿಗೆ ಚಿಪ್ ಹುಡುಕುತ್ತಿತ್ತು. ನಾವು ಅದರ ಹಿಂದೆ ಬಿದ್ದೆವು, ಎರಡು ಕ್ರಾಸ್ ಆಚೆಯ ಎದುರಾಳಿ ಕಂಪನಿಯವರೂ ಬಿದ್ದರು. ಆ ಕನ್ಸೋಲಿನಲ್ಲಿ ಆರೇಳು ವರ್ಷ ಗೆದ್ದವರ ಚಿಪ್ಪೇ. ಸೋತವರು ಅಷ್ಟೂ ವರ್ಷ ನೋಡುತ್ತಾ ಕೂರಬೇಕು.

೧. ದರ್ಶಿನಿಯಲ್ಲಿ

ಎರಡೂ ಆಫೀಸಿನವರಿಗೆ ಕಾಫಿಗೆ ಒಂದೇ ದರ್ಶಿನಿ. "ಅಲ್ಲಿ ಬೇರೆಯವರಿಗೆ ಅರ್ಥವಾಗೋ ಭಾಷೇಲಿ ಕೆಲಸದ ಮಾತಾಡ್ಬೇಡಿ" ಅಂತ ಬಾಸ್ ಅಪ್ಪಣೆ ಕೊಟ್ಟರು. ತಮಿಳು ಶುರು ಮಾಡಿದೆವು. ಟೇಬಲ್ ಒರೆಸುವಾಕೆ ನಡುವೆ ಬಾಯಿ ಹಾಕಿ ಸಲಹೆ ಕೊಟ್ಟಳು. ಉರ್ದುವಿಗೆ ಹಾರಿದೆವು. ಕಾಫಿ ಕೊಡುವವರು ನಕ್ಕುಬಿಟ್ಟರು. ಹಲಸೂರಿನ ಸುತ್ತಮುತ್ತ ಯಾರಿಗೂ ಅರ್ಥವಾಗದ ಭಾಷೆ ಎಲ್ಲಿಂದ ತರೋದು? ಕೊನೆಗೆ ಬರೀ ಚಿಪ್ಪಿನ ಭಾಷೆಯಲ್ಲೇ ಮಾತಾಡಿದೆವು.

ಅದು ಅರ್ಥವಾಗಿದ್ದು ಪಕ್ಕದ ಟೇಬಲ್ಲಿನ ಎದುರಾಳಿಗಳಿಗೆ ಮಾತ್ರ.

೨. ಗಂಡ ಆ ಕಡೆ, ಹೆಂಡತಿ ಈ ಕಡೆ

ನನ್ನ ಸಹೋದ್ಯೋಗಿಯ ಗಂಡ ಇರುವುದು ಎದುರಾಳಿ ಕಂಪನಿಯಲ್ಲಿ. ಕೆಲಸದ ವಿಷಯ ಹೊರಗೆ ಬಾಯಿ ಬಿಡುವುದಿಲ್ಲ ಅಂತ ಇಬ್ಬರೂ ಸಹಿ ಹಾಕಿದ್ದಾರೆ. ಹಾಗಾಗಿ ಸಂಜೆಯ ಸಂಸಾರ ಹೀಗೆ:

"ರೀ, ಹೇಗಿತ್ತು ಇವತ್ತು?"

"ಮೋಡ ಇತ್ತು. ನಿಂದು?"

"ನಂದೂ ಮೋಡನೇ."

ಆದರೂ ಒಂದು ಬೆಟ್ ಕಟ್ಟಿಕೊಂಡಿದ್ದರು. ಯಾರ ಕಂಪನಿ ಸೋಲುತ್ತೋ ಅವರು, ಆ ಕನ್ಸೋಲ್ ಅಂಗಡಿಯಿಂದ ಮಾಯವಾಗೋವರೆಗೂ, ದಿನಾ ಬೆಳಗಿನ ತಿಂಡಿ ಮಾಡಬೇಕು. ಅಲ್ಲಿಯವರೆಗೆ ತಿಂಡಿ ಮಾಡುತ್ತಿದ್ದ ಅತ್ತೆಯೇ ಸಾಕ್ಷಿ.

"ಇಬ್ರೂ ಸೋತ್ರೆ?" ಅಂದರು ಅತ್ತೆ.

"ಅದ್ಹೇಗಮ್ಮ? ಸ್ಪರ್ಧೇಲಿರೋದೇ ನಾವಿಬ್ರು" ಅಂದ ಮಗ. "ಸೋತ್ರೆ ಇಬ್ರೂ ಮಾಡ್ತೀವಿ, ಬಿಡು."

ಗಂಡ ಹೆಂಡತಿ ತುಂಬಾ ದಿನದ ಮೇಲೆ ಒಟ್ಟಿಗೆ ನಕ್ಕಿದ್ದು ಅವತ್ತೇ ಅಂತೆ.

೩. ತಣ್ಣಗಿನ ಚಿಪ್

ಕನ್ಸೋಲ್ ಕಂಪನಿಯವನು ಬಂದ. ನಮ್ಮ ಚಿಪ್ ನೋಡಿ ಹೊಗಳಿದ. ಆಮೇಲೆ ಒಂದು ನಿಟ್ಟುಸಿರು: "ಆದ್ರೆ ಆ ಕಡೆಯವರದು ಇಷ್ಟು ಬಿಸಿಯಾಗಲ್ಲ." ಭಾನುವಾರಗಳನ್ನೆಲ್ಲ ಸುಟ್ಟು ಚಿಪ್ ತಣ್ಣಗೆ ಮಾಡಿದೆವು. ಮತ್ತೆ ಬಂದ. "ಅವರು ಇನ್ನೂ ತಣ್ಣಗೆ ಮಾಡಿದಾರೆ."

ಗಂಡನ ಹತ್ತಿರ ಹೇಳಿಕೊಳ್ಳುವ ಹಾಗಿಲ್ಲ. ಪಾಪ, ನನ್ನ ಸಹೋದ್ಯೋಗಿ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಗೋಳಾಡಿ ಹಗುರಾಗುತ್ತಿದ್ದಳು. ಆಫೀಸಿನಲ್ಲಿ ಮಾತ್ರ ಬಾಸ್ ಮೇಲೆ ರೇಗಿದಳು: "ಇನ್ನೂ ತಣ್ಣಗೆ ಬೇಕಂದ್ರೆ ಐಸ್‌ಕ್ಯಾಂಡಿನೇ ಕೊಡ್ಬೇಕು ಸರ್!"

ಬಾಸ್ ಗಂಭೀರವಾಗಿ ಕೇಳಿದರು: "ಅವರು ಅದನ್ನೇ ಕೊಡ್ತಿದಾರೇನ್ರೀ?"

೪. ಫಲಿತಾಂಶ

ಒಂದು ಸಂಜೆ ಎರಡೂ ಆಫೀಸಿಗೆ ಒಂದೇ ಮೇಲ್ ಬಂತು. ಹಳೇ ಆಟಗಳು ಹೊಸ ಕನ್ಸೋಲಿನಲ್ಲೂ ಹಾಗೇ ಓಡಬೇಕಂತೆ, ಅದಕ್ಕೆ ಹಳೇ ಕನ್ಸೋಲಿಗೆ ಚಿಪ್ ಕೊಟ್ಟ ಕಂಪನಿಯನ್ನೇ ಇಟ್ಟುಕೊಂಡರಂತೆ. ಧನ್ಯವಾದಗಳು.

ಮನೆಯಲ್ಲಿ ಇಬ್ಬರೂ ಮುಖ ಇಳಿಸಿಕೊಂಡು ಕೂತರು. ಇನ್ನು ಮುಚ್ಚಿಡಲು ಏನಿದೆ ಅಂತ ಕೊನೆಗೂ ಬಾಯಿ ಬಿಟ್ಟರು.

"ಅಷ್ಟು ತಣ್ಣಗೆ ಹೇಗ್ರೀ ಮಾಡಿದ್ರಿ ನೀವು?"

"ನಾವಾ? ತಣ್ಣಗಿದ್ದಿದ್ದು ನಿಮ್ಮದಲ್ವಾ!"

"ಆ ಮನುಷ್ಯ ಇಬ್ರಿಗೂ ಅದನ್ನೇ ಹೇಳ್ತಿದ್ದ" ಅಂದರು ಅತ್ತೆ, ಅವರೆಕಾಯಿ ಬಿಡಿಸುತ್ತಾ.

"ನಿನಗೆ ಹೇಗಮ್ಮ ಗೊತ್ತು?"

"ಇವಳು ಅಡುಗೆಮನೇಲಿ ಅಳ್ತಿದ್ಲು, ನೀನು ಟೆರೇಸ್ ಮೇಲೆ ಅದನ್ನೇ ಹೇಳ್ಕೊಂಡು ಅಳ್ತಿದ್ದೆ."

"ಮೊದ್ಲೇ ಹೇಳ್ಬಾರ್ದಾ!"

"ಇಬ್ರೂ ಯಾರಿಗೂ ಹೇಳ್ಬೇಡ ಅಂದಿದ್ರಲ್ಲೋ. ಸರಿ, ದೋಸೆ ಹಿಟ್ಟು ರುಬ್ಬಿಟ್ಟಿದೀನಿ. ಬೆಳಿಗ್ಗೆ ಒಬ್ರು ದೋಸೆ, ಒಬ್ರು ಚಟ್ನಿ. ತಟ್ಟೆಗೆ ಹಾಕಿದ ಮೇಲೆ ನನ್ನ ಎಬ್ಬಿಸಿ."

ಇಷ್ಟು ಹೇಳಿ, ಬೀನ್ಸ್ ಚೀಲಕ್ಕೆ ಸುರಿದುಕೊಂಡು, ಆಕೆ ನನಗೂ "ಯಾರಿಗೂ ಹೇಳ್ಬೇಡ ಕಣಮ್ಮ" ಅಂದರು. ಆ ಮಾತು ಸೇರಿಸಿಯೇ ನಿಮಗೆ ಹೇಳಿದ್ದೇನೆ. ನೀವೂ ಮರೆಯದೆ ಅದನ್ನ ಸೇರಿಸಿ ಇನ್ನೊಬ್ಬರಿಗೆ ಹೇಳಿ.