ಮಾಮಾ ನೋಡಿದ ಸೂರ್ಯಾಸ್ತ

ನಮ್ಮ ಸೋದರಮಾವನಿಗೆ ಸಂಗೀತ ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಬರುತ್ತದೆ ಎಂದರೆ ಅದಕ್ಕಿಂತ ದೊಡ್ಡ ಸುಳ್ಳಾಗುತ್ತದೆ! ಇಂಥವನು ಎಂಟು ತಿಂಗಳು ಎರಡು ದಿನ ಒಂದು ಯಹೂದಿ ಹಿಪ್‌ಹಾಪ್ ಜೋಡಿಯ ಮ್ಯಾನೇಜರನಾಗಿದ್ದ. ನಂಬುವುದಿಲ್ಲವೇ? ನನ್ನ ಡೈರಿಯಲ್ಲಿ ದಿನಾಂಕ ಸಮೇತ ಇದೆ. ಆ ಅವಧಿಯಲ್ಲಿ ಅಮ್ಮ “ಅಯ್ಯೋ ದೇವರ” ಎಂದು ಎದೆ ಮುಟ್ಟಿಕೊಂಡದ್ದು ನಲವತ್ತೊಂದು ಸಲ. ಮೂವತ್ತೆಂಟಕ್ಕೆ ಮಾವ ಕಾರಣ; ಉಳಿದ ಮೂರಕ್ಕೆ ಕುಕ್ಕರು.

ಮಾವ ಸೇತುವೆಗಳ ಲೆಕ್ಕ ನೋಡುವ ಎಂಜಿನಿಯರು. ಒಂದು ವರ್ಷದ ಕೆಲಸಕ್ಕೆಂದು ಹುಬ್ಬಳ್ಳಿಯಿಂದ ಬಂದು, ಅಕ್ಟೋಬರಿನಲ್ಲಿ ಅಮೆರಿಕದ ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನ ನಮ್ಮ ಮನೆಯಲ್ಲಿ ಇಳಿದುಕೊಂಡ. ಹನ್ನೊಂದನೆಯ ದಿನ, ಭಾನುವಾರ ಮಧ್ಯಾಹ್ನ, ಪಕ್ಕದ ಮನೆಯ ಗ್ಯಾರೇಜಿನಿಂದ ನಮ್ಮ ಗೋಡೆ ನಡುಗುವಂಥ ಸದ್ದು ಬಂತು.

“ಏನ ಗದ್ದಲ ಹಚ್ಯಾರ! ತಡಿ, ಹೇಳಿ ಬರ್ತೀನಿ,” ಎಂದು ಮಾವ ಲುಂಗಿಯ ಮೇಲೆ ಸ್ವೆಟರ್ ಏರಿಸಿಕೊಂಡು ಹೊರಟ. ಬೈಯಲು ಹೋದವನು ಎರಡು ಗಂಟೆ ಇಪ್ಪತ್ತು ನಿಮಿಷದ ಮೇಲೆ ತಿರುಗಿ ಬಂದ, ಮ್ಯಾನೇಜರನಾಗಿ!

ಅಲ್ಲಿದ್ದವರು ನೆತ್ತಿಯ ಮೇಲೆ ಪುಟ್ಟ ಟೋಪಿ ಇಟ್ಟುಕೊಂಡ ಅಣ್ಣತಮ್ಮಂದಿರು. ಮಷೀನಿನ ತಾಳಕ್ಕೆ ಪ್ರಾಸ ಹೊಂದಿಸಿ, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಹೀಬ್ರೂವಿನಲ್ಲಿ ಬಿರುಸಾಗಿ ಹಾಡು ಕಟ್ಟುತ್ತಿದ್ದರು: ಅಜ್ಜಿಯ ಸೂಪು, ಸಿಯಾಟಲ್ಲಿನ ಟ್ರಾಫಿಕ್ಕು, ದೇವರ ಜೊತೆ ಜಗಳ.

“ಊರ ಜಾತ್ರ್ಯಾಗ ಹರದೇಶಿ-ನಾಗೇಶಿ ಹಾಡಕಿ ನೋಡಿಲ್ಲೇನಕ್ಕಾ ನೀ? ಅದಽ ಇದು!” ಎಂದ ಮಾವ ಅಮ್ಮನಿಗೆ. “ಒಬ್ಬಾಂವ ಸವಾಲ್ ಹಾಕ್ತಾನ, ಇನ್ನೊಬ್ಬಾಂವ ಜವಾಬ್ ಕೊಡ್ತಾನ. ಡಪ್ಪಿನ ಬದ್ಲಿ ಮಷೀನು, ಅಷ್ಟಽ. ಹಿಂದ ಹಿಮ್ಮೇಳ ಒಂದು ಇಲ್ಲ ಪಾಪ.”

“ಅಯ್ಯೋ ದೇವರ,” ಎಂದಳು ಅಮ್ಮ. ಅದು ಮೊದಲನೆಯದು.

ಮಾವ ಕೊನೆಯವರೆಗೂ ಅವರ ಹೆಸರು ಕಲಿಯಲಿಲ್ಲ. ಅಣ್ಣ ದೊಡ್ಡಾಂವ, ತಮ್ಮ ಸಣ್ಣಾಂವ. ಅವರಿಗೆ ಇವನು ‘ಮಾಮಾ’.

ಮೊದಲ ಕಾರ್ಯಕ್ರಮ ಅವರ ಪ್ರಾರ್ಥನಾ ಮಂದಿರದ ಸಭಾಂಗಣದಲ್ಲಿ. ಜನ ಇಪ್ಪತ್ಮೂರು; ಎಪ್ಪತ್ತು ದಾಟಿದವರು ಒಂಬತ್ತು; ನಿದ್ದೆ ಹೋದವರು ಇಬ್ಬರು. ಎರಡನೆಯ ಹಾಡಿನ ನಡುವೆ ನಮ್ಮ ಮಾವ ಎದ್ದು ಅವರ ಹಿಂದೆ ನಿಂತು, ಹಾಡಕಿಯ ಹಿಮ್ಮೇಳದವರಂತೆ ಕಿವಿಗೆ ಕೈ ಹಚ್ಚಿ, “ಗೀಯ ಗಾ ಗಾಗಿಯ ಗೀಯ!” ಎಂದು ಎಳೆದುಬಿಟ್ಟ! ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ನಿದ್ದೆ ಹೋಗಿದ್ದ ಇಬ್ಬರೂ ಎದ್ದು ಕುಳಿತರು. ಆಮೇಲೆ ಏನಾಯಿತು ಗೊತ್ತೇ? ಚಪ್ಪಾಳೆ! ಅಂದಿನಿಂದ ಆ ಹುಡುಗರು ಮಾವನ ಗೀಯ ಇಲ್ಲದೆ ವೇದಿಕೆ ಹತ್ತಲು ಒಪ್ಪುತ್ತಿರಲಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ: ಅವರ ಧರ್ಮದ ವಾರದ ವಿಶ್ರಾಂತಿ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಆಕಾಶದಲ್ಲಿ ಮೂರು ಚುಕ್ಕೆ ಮೂಡುವವರೆಗೆ ಅವರು ಕಾರು ಹತ್ತುವುದಿಲ್ಲ, ಮೈಕು ಮುಟ್ಟುವುದಿಲ್ಲ, ಮಷೀನು ಹಾಕುವುದಿಲ್ಲ. ಹಾಡಲು ಬಂದ ಕರೆಗಳು ಹತ್ತೊಂಬತ್ತು. ಅದರಲ್ಲಿ ಹದಿನಾರು ಆ ಹೊತ್ತಿನವೇ! “ಒಂದು ಸಲ ಹಾಡಿದರೆ ಯಾರಿಗೆ ಗೊತ್ತಾಗುತ್ತೆ?” ಎಂದು ಕೇಳಿ ಕೇಳಿ ಹಿಂದಿನ ಮ್ಯಾನೇಜರುಗಳಿಬ್ಬರು ಬಿಟ್ಟುಹೋಗಿದ್ದರು. ಮಾವ ಹಾಗೆ ಕೇಳಲಿಲ್ಲ.

“ಶನಿವಾರ ನಾನೂ ಒಪ್ಪತ್ತು ಮಾಡ್ತೀನಿ. ಹನುಮಪ್ಪನ ಕಡೆ ರಿಯಾಯಿತಿ ಕೇಳಂಗಿಲ್ಲ. ಇವರ ದೇವರ ಕಡೆ ಹೆಂಗ ಕೇಳ್ಲಿ?”

ಫೆಬ್ರುವರಿಯಲ್ಲಿ ದೊಡ್ಡ ಕರೆಯೊಂದು ಬಂತು. ಜೂನಿನ ಒಂದು ಶನಿವಾರ, ಮನೆಯಿಂದ ನಡೆದೇ ಹೋಗಬಹುದಾದ ಸರೋವರದ ದಂಡೆಯಲ್ಲಿ ಸಂಗೀತೋತ್ಸವ, ಇಪ್ಪತ್ತೈದು ನಿಮಿಷ. ಸಿ.ಡಿ. ಕಂಪನಿಯವರು ಕೇಳಲು ಬರುವವರಿದ್ದರು. ಸಣ್ಣಾಂವನಿಗೆ ಅವನ ಅಪ್ಪ ಆ ಬೇಸಿಗೆಯವರೆಗೆ ಮಾತ್ರ ಗಡುವು ಕೊಟ್ಟಿದ್ದರು: ಹಾಡಿನಿಂದ ಏನೂ ಆಗದಿದ್ದರೆ ಆಗಸ್ಟಿನಲ್ಲಿ ನ್ಯೂಯಾರ್ಕಿಗೆ ಹೋಗಿ ಕಾನೂನು ಓದಬೇಕು. ಈ ಉತ್ಸವ ತಪ್ಪಿದರೆ ಜೋಡಿಯ ಕತೆ ಮುಗಿದಂತೆಯೇ.

“ಚುಕ್ಕಿ ಮೂಡಿದ ಮ್ಯಾಲಿನ ಹೊತ್ತೇ ಕೇಳಿ ತಗೊಂಡೀನಿ,” ಎಂದು ಮಾವ ಅವರಿಗೆ ಹೇಳಿದ. (ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಅವನ ಇಂಗ್ಲಿಷೂ ಹುಬ್ಬಳ್ಳಿಯದೇ!) “ಪ್ರಾಸ ನೀವು ನೋಡ್ರಿ. ಸೂರ್ಯನ್ನ ನಾ ನೋಡ್ಕೋತೀನಿ!”

ಉತ್ಸವಕ್ಕೆ ಆರು ದಿನವಿದ್ದಾಗ ದೊಡ್ಡಾಂವ ಆಗತಾನೆ ಅಚ್ಚಾದ ಪೋಸ್ಟರು ಹಿಡಿದು ಬಂದ. ಮುಖ ಬಿಳಿಚಿತ್ತು.

“ಮಾಮಾ, ಎಂಟು ಗಂಟೆ ಅಂತ ಹಾಕಿದಾರೆ. ಎಂಟಕ್ಕೆ ಬಿಸಿಲಿರುತ್ತೆ.”

“ಹೆಂಗಿರ್ತದ? ಏಳಕ್ಕ ಸೂರ್ಯಾಸ್ತ. ಚುಕ್ಕಿಗೆ ಮುಕ್ಕಾಲು ತಾಸು. ಮ್ಯಾಲ ಹದಿನೈದು ನಿಮಿಷ ನಾನಽ ಕೈಯಾಗ ಇಟ್ಕೊಂಡೀನಿ.”

“ಎಲ್ಲಿ ನೋಡಿದ್ರಿ?”

ಮಾವ ಅಡುಗೆಮನೆಯ ಗೋಡೆಯತ್ತ ಬೆರಳು ತೋರಿಸಿದ. ಅಲ್ಲಿ ತೂಗುತ್ತಿದ್ದದ್ದು, ಹಬ್ಬ ಹುಣ್ಣಿಮೆ ನೋಡಲೆಂದು ಅಮ್ಮ ಪ್ರತಿವರ್ಷ ಊರಿನಿಂದ ತರಿಸುವ ಕ್ಯಾಲೆಂಡರು. ಅದರಲ್ಲಿದ್ದದ್ದು ಹುಬ್ಬಳ್ಳಿಯ ಸೂರ್ಯಾಸ್ತ!

ಈ ಸಲ ಅಮ್ಮ ದೇವರನ್ನೂ ಕರೆಯಲಿಲ್ಲ. ಸೇತುವೆಗಳ ಲೆಕ್ಕ ನೋಡುವ ಮನುಷ್ಯ! ಮಾವನನ್ನು ಪೂರ್ತಿ ಬೈಯುವಂತೆಯೂ ಇರಲಿಲ್ಲ. ಅವನು ಇಲ್ಲಿಯ ಬೇಸಿಗೆ ಕಂಡವನಲ್ಲ. ಒಪ್ಪಿಕೊಂಡ ಫೆಬ್ರುವರಿಯಲ್ಲಿ ಆರಕ್ಕೆಲ್ಲ ಕತ್ತಲು. ಆಮೇಲಿನ ಸಂಜೆಗಳೆಲ್ಲ ಕಿಟಕಿಯಿಲ್ಲದ ಗ್ಯಾರೇಜಿನಲ್ಲಿ. ನಾನು ಹಿಂದಿನ ವರ್ಷದ ಡೈರಿ ತೆರೆದೆ. ಜೂನಿನಲ್ಲಿ ಅಮ್ಮ ಮುಸ್ಸಂಜೆಯ ದೀಪ ಹಚ್ಚಿದ್ದು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಮೂರು ಚುಕ್ಕೆ ಕಾಣಲು ಹತ್ತು ದಾಟಬೇಕು. ಇದನ್ನು ಬರೆದಿಟ್ಟವಳು ನಾನು; ಮಾವನಿಗೆ ತೋರಿಸದೇ ಇದ್ದವಳೂ ನಾನೇ.

ಮಾವ ಉತ್ಸವದವರಿಗೆ ಫೋನ್ ಮಾಡಿ ಅಂಗಲಾಚಿದ. ಬೇರೆ ಹೊತ್ತು ಖಾಲಿ ಇಲ್ಲ, ಹತ್ತರ ಮೇಲೆ ದಂಡೆಯಲ್ಲಿ ಸದ್ದು ಮಾಡುವಂತಿಲ್ಲ ಎಂದರು. “ಒಂದು ಶನಿವಾರ ತಾನೇ? ಆಕಾಶದ ಕಡೆ ಯಾರು ನೋಡ್ತಾರೆ?” ಎಂದೂ ಕೇಳಿದರು.

“ನೋಡೋರು ಇಬ್ಬರು ಅದಾರ್ರೀ!” ಎಂದು ಕೂಗಿ ಮಾವ ಫೋನ್ ಇಟ್ಟುಬಿಟ್ಟ.

ಮುಂದಿನ ಆರು ದಿನ ಅವನಾಡಿದ್ದು, ನನ್ನ ಎಣಿಕೆಯಲ್ಲಿ, ಒಟ್ಟು ಹದಿನೇಳು ಮಾತು. ಅದರಲ್ಲಿ ಹನ್ನೆರಡು “ಬ್ಯಾಡ”.

ಶನಿವಾರ ಸಂಜೆ ಅವನು ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತಿದ್ದ. ಎಂಟಕ್ಕೆ ಐದು ನಿಮಿಷವಿರುವಾಗ ಬಿಳಿ ಅಂಗಿ ತೊಟ್ಟ ಅಣ್ಣತಮ್ಮಂದಿರು ಹುಲ್ಲು ದಾಟಿ ನಡೆದು ಬಂದರು.

“ಎಂಟಕ್ಕೆ ನಮ್ಮ ಪ್ರೋಗ್ರಾಂ ಇದೆಯಲ್ಲ ಮಾಮಾ?” ಎಂದ ದೊಡ್ಡಾಂವ. “ಮೈಕು, ಮಷೀನು ಕೂಡದು ನಿಜ. ಬರೀ ಗಂಟಲಿಗೆ ಅಡ್ಡಿಯಿಲ್ಲ.”

ಮಾವ ತಲೆ ಎತ್ತಲಿಲ್ಲ. “ಸಣ್ಣಾಂವನ ಜೀವನಾನಽ ಕೆಡಿಸಿಬಿಟ್ಟೆ ನಾ,” ಎಂದ.

ಸಣ್ಣಾಂವ ಬಂದು ಅವನ ಪಕ್ಕದ ಮೆಟ್ಟಿಲ ಮೇಲೆ ಕುಳಿತ. “ಮಾಮಾ, ಹಿಂದಿನ ಆ ಇಬ್ಬರು ಮ್ಯಾನೇಜರುಗಳು ಸೂರ್ಯ ಎಷ್ಟೊತ್ತಿಗೆ ಮುಳುಗ್ತಾನೆ ಅಂತ ತಪ್ಪಾಗಿ ಕೂಡ ನೋಡಿರಲಿಲ್ಲ.”

ಆಮೇಲೆ ಎದ್ದು ನಿಂತು ಇಬ್ಬರೂ ಹಾಡಿದರು, ಪೂರಾ ಇಪ್ಪತ್ತೈದು ನಿಮಿಷ. ಅದೇ ಜೋಡಿಯ ಕೊನೆಯ ಕಾರ್ಯಕ್ರಮ. ಆಗಸ್ಟಿನಲ್ಲಿ ಸಣ್ಣಾಂವ ಕಾನೂನು ಓದಲು ಹೊರಟುಹೋದ. ಆದರೆ ಆ ಸಂಜೆ ಹಾಡು ಶುರುವಾದಾಗ ಸೂರ್ಯ ಮುಳುಗಲು ಇನ್ನೂ ಒಂದು ತಾಸಿನ ಮೇಲಿತ್ತು. ಹಿತ್ತಲ ತುಂಬ ಅಷ್ಟೊಂದು ಬಿಸಿಲು. ಅಳುವಾಗ ಮುಖ ಮರೆಸಿಕೊಳ್ಳಲು ಮಾವನಿಗೆ ಒಂದಿಷ್ಟೂ ಕತ್ತಲು ಸಿಗಲಿಲ್ಲ.